ಹನ್ನೆರಡನೇ ಕಾಲಂ

ನಮ್ಮ ಸೀಮೆಯಲ್ಲಿ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ, ನೇಗಿಲಿಗೆ ಪೂಜೆ ಮಾಡಿ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಹೊಲ ಉಳ್ಳವರಿಗೆ ಅದು ಹಬ್ಬ. ನಮಗೆ ಅದು ಗಡುವು. ಹೊನ್ನಾರಿಗೆ ಮುಂಚೆಯೇ ಗುತ್ತಿಗೆ ದುಡ್ಡು ಯಜಮಾನರ ಕೈ ಸೇರಬೇಕು. ಸೇರದಿದ್ದರೆ ಹೊಲ ಇನ್ನೊಬ್ಬರ ಪಾಲು.

2024ರ ಯುಗಾದಿಗೆ ಮೂರು ದಿನ ಇರುವಾಗ ನಾವು ಒಲೆ ಮುಂದೆ ಕೂತು ದುಡ್ಡು ಎಣಿಸುತ್ತಿದ್ದೆವು. ಎರಡು ಎಕರೆ ಬೆದ್ದಲು. ಹಿಂದಿನ ವರ್ಷ ಎಕರೆಗೆ 10,000 ಇದ್ದದ್ದು ಆ ವರ್ಷ 12,000 ಆಗಿತ್ತು. ಗೃಹಲಕ್ಷ್ಮಿಯ ಎರಡೆರಡು ಸಾವಿರವನ್ನು ಮುಟ್ಟದೆ ಅವ್ವ ಕೂಡಿಟ್ಟದ್ದು 8,000. ಹೆಣ್ಣುಮಕ್ಕಳ ಸಂಘದಲ್ಲಿ ಸಾಲ ಎತ್ತಿದ್ದು 10,000. ಮೇಕೆ ಮಾರಿ ಬಂದದ್ದು 6,000.

“ಇನ್ನೊಂದ್ಸಲ ಎಣ್ಸು ಮಗ, ನೀನು ಓದ್ದೋನು” ಅಂದಳು ಅವ್ವ.

ಎಣಿಸಿದೆವು. ಸರಿಯಾಗಿತ್ತು. “ಈ ಸಲನಾದ್ರೂ ಒಂದು ಚೀಟಿ ಬರ್ಸ್ಕೊಳನ ಅಪ್ಪ. ಇಷ್ಟು ದುಡ್ಡು ಕೊಟ್ಟಿವಿ, ಈ ವರ್ಷ ಈ ಹೊಲ ನಾವು ಮಾಡ್ತಿವಿ ಅಂತ” ಅಂದೆವು.

“ಚೀಟಿ ಕೇಳುದ್ರೆ ಒಲನೇ ಕೊಡಕಿಲ್ಲ ಕನ. ಸುಮ್ಕಿರು” ಅಂದ ಅಪ್ಪ.

ಸುಮ್ಮನಿದ್ದೆವು. ಮೈಸೂರಿನಲ್ಲಿ ಕೂತು ಭೂಮಿ, ಬೆವರು, ನೆತ್ತರು ಅಂತ ಪದ್ಯ ಬರೆದವರು ನಾವು. ಆ ಭೂಮಿಯ ಪಹಣಿ ಯಾರ ಹೆಸರಲ್ಲಿದೆ ಅಂತ ಒಂದು ಪದ್ಯದಲ್ಲೂ ಬರೆದಿರಲಿಲ್ಲ. ಅದನ್ನು ಈ ಲೇಖನದಲ್ಲಿ ಬರೆಯುತ್ತಿದ್ದೇವೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ನಮ್ಮ ರಾಗಿ ಮೊಣಕಾಲುದ್ದ ಎದ್ದು, ತೆನೆ ಕಟ್ಟದೆ ಒಣಗಿತು. ದನಕ್ಕೆ ಹುಲ್ಲಾಯಿತು, ಅಷ್ಟೆ. ಬೆಳೆ ಪರಿಹಾರದ ಮೊದಲ ಕಂತು ಅಂತ 2,000 ರೂಪಾಯಿವರೆಗೆ ಕೊಡುತ್ತೇವೆ ಎಂದರು. ಉಳಿದದ್ದು ಕೇಂದ್ರದ ಹಣ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಬಿತ್ತು. ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ ಅನ್ನುವುದು ವಿಪತ್ತು ಪರಿಹಾರದ ನಿಯಮ. ನಮ್ಮ ಎರಡು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 6,800 ಆಗುತ್ತದೆ. ದೊಡ್ಡ ದುಡ್ಡೇನಲ್ಲ. ಆದರೆ ನಮ್ಮ ಗುತ್ತಿಗೆಯ ಕಾಲುಭಾಗಕ್ಕಿಂತ ಹೆಚ್ಚು. ಅದು ನಮಗೆ ಬಂದಿದ್ದರೆ ಮೇಕೆಯ ದುಡ್ಡು ಮನೆಗೆ ಹಿಂದಿರುಗುತ್ತಿತ್ತು.

ಅದು ಬಿದ್ದದ್ದು ಯಜಮಾನರ ಖಾತೆಗೆ.

ಯಜಮಾನರು ಮೈಸೂರಿನಲ್ಲಿದ್ದಾರೆ. ಕೆಟ್ಟವರಲ್ಲ. ಗುತ್ತಿಗೆ ದುಡ್ಡು ಕೊಡಲು ಅಪ್ಪನ ಜೊತೆ ಹೋದಾಗ ಕಾಂಪೌಂಡಿನ ಒಳಕ್ಕೆ ಕರೆದರು. ಪೇಪರ್ ಲೋಟದಲ್ಲಿ ಕಾಫಿ ಕೊಡಿಸಿದರು. ಅವರು ಕುಡಿದದ್ದು ಸ್ಟೀಲ್ ಲೋಟದಲ್ಲಿ. ದುಡ್ಡು ಎಣಿಸಿ ಜೇಬಿಗೆ ಇಟ್ಟುಕೊಂಡ ಮೇಲೆ ಅಪ್ಪ ಕೇಳಲೋ ಬೇಡವೋ ಅಂತ ಕೇಳಿದ: “ಬುದ್ಧಿ, ಬರಗಾಲದ ದುಡ್ಡು ಎಲ್ರಿಗೂ ಬಂತಂತೆ.”

“ಅದು ಸರ್ಕಾರ ನನ್ ಹೊಲಕ್ಕೆ ಕೊಟ್ಟ ದುಡ್ಡು ಕನ್ಲಾ. ನಿಮ್ಗೆ ಬರಂಗಿದ್ರೆ ನಿಮ್ಗೇ ಹಾಕ್ತಿರ್ನಿಲ್ವ?”

“ಊ ಬುದ್ಧಿ” ಅಂದ ಅಪ್ಪ.

ಬಸ್ಸಿನಲ್ಲಿ ಹುಣಸೂರು ಮುಟ್ಟುವ ತನಕ ಅಪ್ಪ ಮಾತಾಡಲಿಲ್ಲ. ಯಜಮಾನರು ಹೇಳಿದ್ದರಲ್ಲಿ ಸುಳ್ಳಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಓದಿದವರಲ್ಲವೇ, ಹಾಗಾಗಿ ಕಚೇರಿಗೆ ಹೋದೆವು.

ಕಚೇರಿಯವರೂ ಕೆಟ್ಟವರಲ್ಲ. “ಪಹಣಿ ಯಾರ ಹೆಸ್ರಲ್ಲಿದೆ?” ಅಂದರು. ಯಜಮಾನರ ಹೆಸರಲ್ಲಿ, ಬೆಳೆ ಇಟ್ಟವರು ನಾವು ಅಂದೆವು. “ಬೆಳೆ ಯಾರಾದ್ರೂ ಇಡ್ಲಿ. ರೈತರ ನೋಂದಣಿ ಇರೋದು ಪಹಣಿ ಇರೋರ ಹೆಸ್ರಲ್ಲಿ. ದುಡ್ಡು ಅವ್ರಿಗೇ ಬೀಳೋದು” ಅಂದರು. ನಾವು ಜಗ್ಗಲಿಲ್ಲ. ಅವರು ಬೇಸರವಿಲ್ಲದೆ ಆ ಸರ್ವೆ ನಂಬರಿನ ಪಹಣಿ ತೆಗೆದು ಮುಂದಿಟ್ಟರು. “ನೋಡಿ, ನಿಮ್ಮ ತಂದೆ ಹೆಸ್ರು ಎಲ್ಲೂ ಇಲ್ವಲ್ಲ.”

ನೋಡಿದೆವು. ಗೆಳೆಯರೇ, ನೀವೂ ಒಮ್ಮೆ ನಿಮ್ಮೂರಿನ ಪಹಣಿಯನ್ನು ಹಾಗೆ ನೋಡಿ. ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು ಇರುತ್ತದೆ. ಹನ್ನೊಂದನೇ ಕಾಲಂನಲ್ಲಿ ಸಾಲ, ಋಣ. ಹನ್ನೆರಡನೇ ಕಾಲಂ ಸಾಗುವಳಿಗೆ ಇರುವುದು. ಯಾವ ಬೆಳೆ, ಎಷ್ಟು ವಿಸ್ತೀರ್ಣ, ಉಳುವವನು ಯಾರು ಅಂತ ಬರೆಯುವುದಕ್ಕೆ ಅಲ್ಲಿ ಜಾಗ ಇದೆ. ನಮ್ಮ ಅಪ್ಪನ ಹೆಸರಿಗೆ ಸರ್ಕಾರ ಮಾಡಿಟ್ಟ ಜಾಗ ಅದು. ಅಲ್ಲಿಯೂ ಯಜಮಾನರೇ ಕೂತಿದ್ದರು. ಎತ್ತಿನ ಮೂಗುದಾರ ಹಿಡಿದು ಎಷ್ಟು ಕಾಲವಾಯಿತೋ, ಪಹಣಿಯಲ್ಲಿ ಮಾತ್ರ ಅವರು ವರ್ಷವೂ ಉಳುತ್ತಿದ್ದಾರೆ.

ಆ ಕಾಲಂ ಹೇಗೆ ಖಾಲಿಯಾಯಿತು ಅನ್ನುವುದನ್ನು ತಾತ ಹೇಳುತ್ತಿದ್ದ.

ನಮ್ಮ ಮನೆಯ ಗೋಡೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ದೇವರಾಜ ಅರಸು ಪಟ ಇದೆ. ತಾತ ತೂಗುಹಾಕಿದ್ದು. ಅರಸು ಹುಟ್ಟಿದ ಕಲ್ಲಹಳ್ಳಿ ನಮ್ಮ ಹುಣಸೂರು ತಾಲೂಕಿನದೇ. ಅವರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದರು. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದು ಯಾವ ಯಾವ ಹೊಲ ಗೇಣಿದಾರರ ಕೈಲಿತ್ತೋ ಅದೆಲ್ಲ ಸರ್ಕಾರಕ್ಕೆ ಸೇರಿತು, ಉಳುವವನು ಏಳನೇ ಫಾರಂ ಬರೆದು ಭೂನ್ಯಾಯ ಮಂಡಳಿಗೆ ಹಾಕಿದರೆ ಅವನದಾಗುತ್ತಿತ್ತು. ಉಳುವವನೇ ಹೊಲದೊಡೆಯ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಲಕ್ಷಾಂತರ ಜನ ಆ ಫಾರಂನಿಂದ ಮನುಷ್ಯರಾದರು. ಅದನ್ನು ನಾವು ಮರೆಯುವುದಿಲ್ಲ.

ಆದರೆ ನಮ್ಮ ಕೇರಿಯಲ್ಲಿ ಏನಾಯಿತು? ಮೊದಲನೆಯದಾಗಿ, ಬಹಳ ಜನ ಗೇಣಿದಾರರೇ ಆಗಿರಲಿಲ್ಲ. ಜೀತಕ್ಕಿದ್ದರು, ಕೂಲಿಗಿದ್ದರು. ನೇಗಿಲು ಹಿಡಿದವರು ಅವರೇ, ಆದರೆ ಕಾನೂನಿನ ಕಣ್ಣಿಗೆ ಅವರು ಉಳುವವರಲ್ಲ, ಆಳುಗಳು. ಎರಡನೆಯದಾಗಿ, ನಮ್ಮ ತಾತನ ಹಾಗೆ ಯಾರೋ ಕೆಲವರು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ ಅಳೆಯುವುದು. ಕಾಯ್ದೆ ಬರುತ್ತದೆ ಅಂತ ಪೇಪರಿನಲ್ಲಿ ಓದಿದ ಮೇಲುಕೇರಿಯವರು ಎಚ್ಚರವಾದರು. ಪೇಪರ್ ಓದಲು ಬಾರದ ನಮ್ಮವರು ಉಳುತ್ತಲೇ ಇದ್ದರು. ಒಂದು ದಿನ ಒಡೆಯ ತಾತನನ್ನು ಕರೆದು “ಮುಂದಿನ ವರ್ಷದಿಂದ ಆ ಕಡೆ ಹೊಲ ಮಾಡ್ಲಾ, ಈ ಕಡೇದು ಬುಡು” ಅಂದನಂತೆ. ತಾತ ಬಿಟ್ಟ. ಅಲ್ಲಿಗೆ ಆ ಹೊಲದಲ್ಲಿ ಅವನ ಗುರುತು ಮುಗಿಯಿತು. ಫಾರಂ ಹಾಕುವ ಕಾಲ 1979ರ ಜೂನ್ 30ರ ತನಕ ಇತ್ತು. ಯಾರೋ ಮೇಷ್ಟರು ಬರೆದುಕೊಡುತ್ತೇನೆ ಅಂದರಂತೆ. “ಹಾಕುದ್ರೆ ನಾಳೆಯಿಂದ ಕೂಲಿಗೂ ಕರೆಯಕಿಲ್ಲ, ಬಾವಿ ನೀರೂ ಇಲ್ಲ” ಅಂತ ಊರಿನಿಂದ ಮಾತು ಬಂತು. ತಾತ ಹಾಕಲಿಲ್ಲ. ಸಾಯುವ ತನಕ ಅರಸು ಪಟಕ್ಕೆ ಹೂ ಇಡುತ್ತಿದ್ದ. “ಆ ಪುಣ್ಯಾತ್ಮ ಕೊಟ್ಟ, ನಾನು ಈಸ್ಕಳನಿಲ್ಲ” ಅನ್ನುತ್ತಿದ್ದ. ತಪ್ಪನ್ನು ತನ್ನ ಮೇಲೇ ಹಾಕಿಕೊಳ್ಳುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳಿತು. ಇನ್ನು ಮುಂದೆ ಯಾರೂ ಹೊಲವನ್ನು ಗೇಣಿಗೆ ಕೊಡಕೂಡದು. ಸೈನಿಕರು, ನಾವಿಕರು ಅಂತ ಕೆಲವು ವಿನಾಯಿತಿ ಬಿಟ್ಟರೆ ಗೇಣಿ ಅನ್ನುವುದೇ ಇರಕೂಡದು. ಹೇಳಿದ ಉದ್ದೇಶ ಒಳ್ಳೆಯದು. ಗೇಣಿದಾರ ಅನ್ನುವ ಹೀನ ಸ್ಥಿತಿಯೇ ನಾಡಿನಲ್ಲಿ ಉಳಿಯಬಾರದು ಅಂತ. ಆದರೆ ಸ್ಥಿತಿ ಉಳಿಯಿತು, ಹೆಸರು ಮಾತ್ರ ಹೋಯಿತು. ಹೊಲ ಇಲ್ಲದವರು ಇದ್ದೇ ಇದ್ದರು. ಹೊಲ ಇದ್ದೂ ಪಟ್ಟಣ ಸೇರಿದವರು ಹೆಚ್ಚಾದರು. ಗುತ್ತಿಗೆ ಕತ್ತಲಲ್ಲಿ ನಡೆಯತೊಡಗಿತು. ಚೀಟಿ ಬರೆದರೆ ಎಲ್ಲಿ ಹೊಲ ಹೋಗುತ್ತದೋ ಅಂತ ಒಡೆಯನಿಗೆ ಭಯ. ಚೀಟಿ ಕೇಳಿದರೆ ಎಲ್ಲಿ ಹೊಲ ಸಿಗುವುದಿಲ್ಲವೋ ಅಂತ ನಮಗೆ ಭಯ. ಎರಡೂ ಭಯಕ್ಕೆ ದಂಡ ಕಟ್ಟುವವರು ಮಾತ್ರ ನಾವೇ.

ನಮ್ಮ ನಾಲ್ಕು ತಾಲೂಕು ಸುತ್ತಿದರೆ ಇದರ ನಾನಾ ಅವತಾರ ಕಾಣುತ್ತದೆ. ಕೃಷ್ಣರಾಜನಗರದ ನಾಲೆ ಗದ್ದೆಗಳಲ್ಲಿ ವಾರದ ಪದ್ಧತಿ. ಭತ್ತ ಅಳೆಯುವಾಗ ಒಡೆಯನ ಕಡೆಯವರು ಕಣದಲ್ಲಿ ಬಂದು ನಿಲ್ಲುತ್ತಾರೆ. ಪಿರಿಯಾಪಟ್ಟಣ, ಹುಣಸೂರಿನ ಕಡೆ ಹೊಗೆಸೊಪ್ಪು. ಅಲ್ಲಿ ಹೊಲ ಗುತ್ತಿಗೆಗೆ ಹಿಡಿದರೆ ಸಾಲದು. ತಂಬಾಕು ಮಂಡಳಿಯ ಲೈಸೆನ್ಸು, ಸೊಪ್ಪು ಬೇಯಿಸುವ ಬ್ಯಾರನ್ನು ಇನ್ನೊಬ್ಬರ ಹೆಸರಿನಲ್ಲಿರುತ್ತವೆ. ರಾತ್ರಿಯಿಡೀ ಬ್ಯಾರನ್ನಿಗೆ ಸೌದೆ ಹಾಕಿ ಕಣ್ಣು ಕೆಂಪು ಮಾಡಿಕೊಂಡವರು ನಾವು, ಹರಾಜು ಕಟ್ಟೆಯಲ್ಲಿ ಬೇಲಿನ ಮೇಲಿನ ಹೆಸರು ಅವರದು, ದುಡ್ಡು ಬೀಳುವುದು ಅವರ ಖಾತೆಗೆ. ಹೆಗ್ಗಡದೇವನಕೋಟೆಯಲ್ಲಿ ಶುಂಠಿ. ಕೇರಳದ ಕಡೆಯಿಂದ ಬಂದವರು ಒಂದೇ ಸಲಕ್ಕೆ ಕೈತುಂಬ ದುಡ್ಡು ಎಣಿಸಿ ಹೊಲ ಹಿಡಿಯುತ್ತಾರೆ. ನಾಗರಹೊಳೆ, ಬಂಡೀಪುರದ ಕಾಡಿನಿಂದ ಹೊರಬಿದ್ದ ಜೇನುಕುರುಬರು, ಕಾಡುಕುರುಬರು ತಮಗೆ ಸಿಕ್ಕ ತುಂಡು ಹೊಲವನ್ನೂ ಶುಂಠಿಗೆ ಕೊಟ್ಟು ಅದೇ ಹೊಲದಲ್ಲಿ ಕೂಲಿ ಮಾಡುವುದನ್ನು ನಾವು ಕಂಡಿದ್ದೇವೆ. ಶುಂಠಿ ದರದ ಮುಂದೆ ರಾಗಿ ಬೆಳೆಯುವ ನಮ್ಮ ಗುತ್ತಿಗೆ ನಿಲ್ಲುವುದಿಲ್ಲ. ನಮ್ಮ ಯಜಮಾನರು 10,000ವನ್ನು 12,000 ಮಾಡಿದ್ದೂ ಆ ಗಾಳಿಗೇ. “ಶುಂಠಿಯವ್ರು ಕೇಳ್ತಾವ್ರೆ, ನೀನು ಹಳಬ ಅಂತ ನಿನ್ಗೇ ಬುಟ್ಟಿವ್ನಿ” ಅಂದರು. ಅದೂ ಸುಳ್ಳಲ್ಲ.

ಈಗ ಸರ್ಕಾರದ ನೆರವುಗಳನ್ನು ನೋಡಿ. ಪಿಎಂ ಕಿಸಾನ್ 2019ರಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಹೊಲ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ. ಗುತ್ತಿಗೆಯವರಿಗೆ ಇಲ್ಲ ಅಂತ ಯೋಜನೆಯಲ್ಲೇ ಇದೆ. 2016ರ ಫಸಲ್ ಬಿಮಾ ಸ್ವಲ್ಪ ಉದಾರಿ. ಪುಸ್ತಕದಲ್ಲಿ ಗುತ್ತಿಗೆ ರೈತರೂ ವಿಮೆ ಮಾಡಿಸಬಹುದು ಅಂತ ಇದೆ. ಹೋಗಿ ಕೇಳಿದರೆ ಗುತ್ತಿಗೆ ಪತ್ರ ತನ್ನಿ ಅನ್ನುತ್ತಾರೆ. ಗುತ್ತಿಗೆಯನ್ನೇ ಬೇಡವೆಂದ ನಾಡಿನಲ್ಲಿ ಗುತ್ತಿಗೆ ಪತ್ರ ಎಲ್ಲಿಂದ ತರುವುದು? ಬ್ಯಾಂಕಿನ ಕಡಿಮೆ ಬಡ್ಡಿಯ ಬೆಳೆಸಾಲ ಪಹಣಿಗೆ. ನಮಗೆ ಸಿಗುವುದು ಸಂಘದ ವಾರದ ಕಂತು, ಇಲ್ಲವೆ ಕೈಸಾಲ. ಹೀಗಾಗಿ ಒಂದೇ ಹೊಲದ ಮೇಲೆ ಎರಡು ಮಳೆ ಸುರಿಯುತ್ತದೆ. ಸಬ್ಸಿಡಿ, ಪರಿಹಾರ, ಸಾಲಮನ್ನಾದ ಮಳೆ ಒಡೆಯನ ತಲೆ ಮೇಲೆ. ಬಾರದ ಮಳೆ ನಮ್ಮ ತಲೆ ಮೇಲೆ.

2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ರೈತರಲ್ಲದವರು, ಹೆಚ್ಚು ವರಮಾನ ಇರುವವರು ಹೊಲ ಕೊಳ್ಳಬಾರದು ಅಂತ ಅರಸು ಕಾಲದಲ್ಲಿ ಬಿಗಿ ಮಾಡಿದ್ದ ಕಲಮುಗಳನ್ನು ತೆಗೆದುಹಾಕಿದರು. ದುಡ್ಡಿದ್ದವನು ಬೇಕಾದರೆ ಕೊಳ್ಳಲಿ ಎಂದಾಯಿತು. ದುಡ್ಡಿಲ್ಲದವನು ಒಂದು ವರ್ಷ ಉಳುತ್ತೇನೆ ಅಂತ ಕಾಗದ ಮಾಡಿಕೊಳ್ಳುವುದು ಮಾತ್ರ ಅಪರಾಧದ ಹಾಗೆಯೇ ಉಳಿಯಿತು.

ಗುತ್ತಿಗೆಯ ಮಾತನ್ನು ಚಳವಳಿ ಎತ್ತಿಲ್ಲವೆಂದಲ್ಲ. ಕೊಂಕಣದಲ್ಲಿ ಖೋತರು ಎಂಬ ಮಧ್ಯವರ್ತಿ ಒಡೆಯರು ಗೇಣಿದಾರರನ್ನು ಹಿಂಡುತ್ತಿದ್ದಾಗ ಬಾಬಾಸಾಹೇಬರು 1937ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಖೋತಿ ರದ್ದು ಮಾಡುವ ಮಸೂದೆ ತಂದರು. 1938ರ ಜನವರಿ 10ರಂದು ಸಾವಿರಾರು ರೈತರನ್ನು ಶಾಸನಸಭೆಯ ಬಾಗಿಲಿಗೆ ಮೆರವಣಿಗೆಯಲ್ಲಿ ಕರೆದೊಯ್ದರು. ಅಲ್ಲಿ ಮಹಾರರೂ ಇದ್ದರು, ಕುಣಬಿಗಳೂ ಇದ್ದರು. ಗೇಣಿಯ ನೋವು ಜಾತಿಯ ಗೋಡೆ ದಾಟಿ ಜನರನ್ನು ಕೂಡಿಸಬಲ್ಲದು ಅಂತ ಅವರಿಗೆ ಗೊತ್ತಿತ್ತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತರು. ಅಲ್ಲಿ ಜಗಳ ಹೊತ್ತಿಕೊಂಡದ್ದು ಗೇಣಿ ಅಳೆಯುವ ಕೊಳಗದ ಅಳತೆಯಿಂದ. ಎಚ್. ಗಣಪತಿಯಪ್ಪ ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. 1948ರ ಮುಂಬಯಿ ಗೇಣಿ ಕಾಯ್ದೆಯಲ್ಲಿ ಒಂದು ಮಾತಿತ್ತು. ಬೆಳಗಾವಿ, ಧಾರವಾಡಗಳು ಆಗ ಮುಂಬಯಿಗೆ ಸೇರಿದ್ದವು. ಬರದ ವರ್ಷ ಸರ್ಕಾರ ಕಂದಾಯ ಮಾಫಿ ಮಾಡಿದರೆ ಒಡೆಯನೂ ಗೇಣಿಯಲ್ಲಿ ಆ ಲೆಕ್ಕಕ್ಕೆ ಬಿಡಬೇಕು ಅಂತ. ಅಂದರೆ ಮಳೆ ಬಾರದ ವರ್ಷ ಗೇಣಿಯೂ ಇಳಿಯಬೇಕು ಅನ್ನುವ ನ್ಯಾಯ ಕಾನೂನಿನ ಪುಸ್ತಕಕ್ಕೆ ಹೊಸದಲ್ಲ. ಗೇಣಿದಾರ ಕಾಗದದಿಂದ ಮಾಯವಾದಾಗ ಅವನ ಜೊತೆ ಆ ನ್ಯಾಯವೂ ಮಾಯವಾಯಿತು.

ನೆರೆಯವರನ್ನೂ ನೋಡಿದೆವು. ತೆಲಂಗಾಣ 2018ರಲ್ಲಿ ರೈತಬಂಧು ಅಂತ ಎಕರೆಗೆ ಇಷ್ಟು ಅಂತ ದುಡ್ಡು ಕೊಟ್ಟಿತು. ಪಟ್ಟಾ ಇದ್ದವರಿಗೆ ಕೊಟ್ಟಿತು, ಗುತ್ತಿಗೆಯವರನ್ನು ಬಿಟ್ಟಿತು. ಆಂಧ್ರ 2019ರಲ್ಲಿ ಬೇರೆ ದಾರಿ ಹಿಡಿಯಿತು. ಸಾಗುವಳಿದಾರನಿಗೆ 11 ತಿಂಗಳ ಕಾರ್ಡು. ಒಡೆತನದ ಹಕ್ಕು ಬರುವುದಿಲ್ಲ, ಸಾಲ, ವಿಮೆ, ಪರಿಹಾರ ಕೇಳುವ ಹಕ್ಕು ಬರುತ್ತದೆ. ಅದೇ ವರ್ಷ ರೈತ ಭರೋಸಾ ಎಂಬ ಯೋಜನೆಯಲ್ಲಿ ಭೂಮಿ ಇಲ್ಲದ ದಲಿತ, ಆದಿವಾಸಿ, ಹಿಂದುಳಿದ, ಅಲ್ಪಸಂಖ್ಯಾತ ಗುತ್ತಿಗೆದಾರರಿಗೂ ವರ್ಷಕ್ಕೆ 13,500 ರೂಪಾಯಿ ಅಂತ ಸಾರಿದರು. ಆದರೆ ಕಾರ್ಡಿಗೆ ಒಡೆಯನ ಸಹಿ ಬೇಕು ಅಂದರು. ಸಹಿ ಹಾಕಲು ಅಲ್ಲಿಯ ಒಡೆಯರು ಹಿಂದೆಗೆದರು. ನಮ್ಮ ಯಜಮಾನರ ಭಯ ಗಡಿಯಾಚೆಗೂ ಇದೆ. ಆದ್ದರಿಂದ ನಾವು ಕಲಿತ ಪಾಠ ಒಂದು: ಹೆಸರು ಬರೆಯುವುದು ಒಡೆಯನ ಸಹಿಯ ಮೇಲೆ ನಿಂತರೆ ಹೆಸರು ಬರೆದ ಹಾಗಲ್ಲ. ಉಳುವವನು ಯಾರು ಅಂತ ಪಕ್ಕದ ಹೊಲದವನಿಗೆ ಗೊತ್ತು, ದನ ಕಾಯುವ ಹುಡುಗನಿಗೂ ಗೊತ್ತು. ಅವರ ಸಾಕ್ಷಿ ಸಾಕಾಗಬೇಕು.

ಆಗದ ಮಾತು ಅನ್ನುವವರಿಗೆ ಒಂದು ಉದಾಹರಣೆ ಹೇಳುತ್ತೇವೆ. ನಾವು ಮೈಸೂರಿನಲ್ಲಿ ಓದುವಾಗ ಮೂವರು ಸೇರಿ ಒಂದು ರೂಮು ಹಿಡಿದಿದ್ದೆವು. ಬಾಡಿಗೆ ಕೇಳಲು ಹೋದರೆ ಎಷ್ಟು ಕೊಡ್ತೀರಿ ಅನ್ನುವುದಕ್ಕೆ ಮುಂಚೆ “ನೀವು ಯಾವ ಜನ?” ಅನ್ನುತ್ತಿದ್ದರು. ನಾಲ್ಕು ಬೀದಿ ಸುತ್ತಿ, ಕೇಳದ ಒಬ್ಬರ ಮನೆ ಸಿಕ್ಕಿತು. 2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಕರೆಂಟು ಉಚಿತ. ಬಾಡಿಗೆಯವರಿಗೆ ಇದೆಯೋ ಇಲ್ಲವೋ ಅಂತ ಮೊದಲು ಗೊಂದಲವಾಯಿತು. ಜನ ಕೇಳಿದರು. ಬಾಡಿಗೆಯವರಿಗೂ ಉಂಟು ಅಂತ ಸರ್ಕಾರ ಹೇಳಿತು. ಕರಾರು ಪತ್ರ ಇಲ್ಲದಿದ್ದರೆ ಆ ವಿಳಾಸದ ಗುರುತಿನ ಚೀಟಿಯಾದರೂ ನಡೆಯುತ್ತದೆ ಅಂದರು. ಮೀಟರು ಮನೆಯೊಡೆಯನ ಹೆಸರಲ್ಲೇ ಇತ್ತು, ಬೆಳಕಿನ ಸವಲತ್ತು ಬಾಡಿಗೆಯವರಿಗೆ ಸಿಕ್ಕಿತು. ಅದರಿಂದ ಯಾವ ಮನೆಯೊಡೆಯನ ಮನೆಯೂ ಹೋಗಲಿಲ್ಲ. ಒಂದು ಬಲ್ಬಿನ ಕೆಳಗೆ ಬದುಕುವವನು ಯಾರು ಅಂತ ಕಂಡುಹಿಡಿದ ಸರ್ಕಾರಕ್ಕೆ ಒಂದು ಹೊಲದಲ್ಲಿ ಬದುಕುವವನು ಯಾರು ಅಂತ ಕಂಡುಹಿಡಿಯಲು ಆಗದೇ? ಪ್ರತಿ ಹಂಗಾಮಿನಲ್ಲೂ ಮೊಬೈಲ್ ಹಿಡಿದು ಬೆಳೆ ಸಮೀಕ್ಷೆಗೆ ಬರುತ್ತಾರೆ. ರಾಗಿಯ ಫೋಟೋ ತೆಗೆಯುತ್ತಾರೆ. ರಾಗಿ ಪಕ್ಕದಲ್ಲಿ ಕಳೆ ಕೀಳುತ್ತಿರುವವರ ಹೆಸರು ಕೇಳುವುದಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ಅರ್ಧ ಸತ್ಯ. ನಮ್ಮ ಕೇರಿಯಲ್ಲೇ ಒಬ್ಬಳು ಅಜ್ಜಿ ಇದ್ದಾಳೆ. ಗಂಡ ಹೋದ, ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ. ದರಖಾಸ್ತಿನಲ್ಲಿ ಸಿಕ್ಕ ಒಂದೂವರೆ ಎಕರೆ ಅವಳ ಹೆಸರಲ್ಲಿದೆ. ಉಳಲು ಆಗದೆ ನಮ್ಮವರಿಗೇ ಗುತ್ತಿಗೆ ಕೊಟ್ಟಿದ್ದಾಳೆ. ಆ ದುಡ್ಡೇ ಅವಳ ಔಷಧಿ, ಅವಳ ಅಕ್ಕಿಸಾಮಾನು. ದಲಿತರಿಗೆ ಮಂಜೂರಾದ ಹೊಲ ಪರರ ಪಾಲಾಗಬಾರದು ಅಂತ 1978ರ ಪಿಟಿಸಿಎಲ್ ಕಾಯ್ದೆ ಮಾರಾಟವನ್ನಷ್ಟೇ ಅಲ್ಲ, ಗುತ್ತಿಗೆಯನ್ನೂ ಪರಭಾರೆ ಅನ್ನುತ್ತದೆ. ಆ ಕಾಯ್ದೆ ನಮಗೆ ಬೇಕು. ಅದಿಲ್ಲದಿದ್ದರೆ ಕೋಟೆಯ ಕಾಡಂಚಿನಲ್ಲಿ ನಮ್ಮವರ ಹೊಲ ಇನ್ನಷ್ಟು ಹೋಗಿರುತ್ತಿತ್ತು. ಹಾಗಾದರೆ ಬರದ ವರ್ಷ ಗುತ್ತಿಗೆ ಬಿಡಿ ಅಂತ ಕೂಗಿದರೆ ಅಜ್ಜಿ ಏನು ತಿನ್ನಬೇಕು? “ನಿಮ್ ಒಲಕ್ಕೆ ಮಳೆ ಬರನಿಲ್ಲ ಅಂದ್ರೆ ನನ್ ಒಟ್ಟೆಗೆ ಇಟ್ಟು ಬ್ಯಾಡ್ವಾ?” ಅಂತ ಅವಳು ಕೇಳಿದಾಗ ನಾವು ತಲೆ ತಗ್ಗಿಸಿದೆವು.

ಅದಕ್ಕೇ ನಮ್ಮ ಬೇಡಿಕೆಯನ್ನು ಅವಳ ಮುಂದೆ ಕೂತು ತಿದ್ದಿದ್ದೇವೆ. ಒಂದು, ಹಂಗಾಮಿಗೊಮ್ಮೆ ಗ್ರಾಮಸಭೆಯಲ್ಲಿ, ನೆರೆಹೊರೆಯವರ ಸಾಕ್ಷಿಯ ಮೇಲೆ, ಉಳುವವರ ಹೆಸರು ಬರೆಯಬೇಕು. ಆ ಬರಹದಿಂದ ಅಜ್ಜಿಯಂಥವರ ಹೊಲ ಹೋಗುವುದಿಲ್ಲ ಅಂತ ಕಾನೂನಿನಲ್ಲೇ ಹೇಳಬೇಕು. ಎರಡು, ಬೆಳೆ ಪರಿಹಾರ, ವಿಮೆ ಬೆಳೆ ಇಟ್ಟವರ ಖಾತೆಗೆ ಬೀಳಬೇಕು. ಮೂರು, ಬರ ಅಂತ ಸಾರಿದ ತಾಲೂಕಿನಲ್ಲಿ ಗುತ್ತಿಗೆ ಕಟ್ಟಲಾರದವರಿಗೆ ಸರ್ಕಾರ ಹೆಚ್ಚುವರಿ ನೆರವು ಕೊಡಬೇಕು. ಹತ್ತಾರು ಎಕರೆಯ ಒಡೆಯ ಅಂದಿನ ಮುಂಬಯಿ ಕಾಯ್ದೆಯ ಹಾಗೆ ಗೇಣಿ ಬಿಡಲಿ. ಒಂದೆರಡು ಎಕರೆಯ ವಿಧವೆಗೆ, ಮುದುಕಿಗೆ ಹೋಗಬೇಕಾದ ಗುತ್ತಿಗೆಯನ್ನು ಸರ್ಕಾರ ತುಂಬಲಿ. ನಷ್ಟವನ್ನು ಎಲ್ಲರಿಗಿಂತ ಬಡವನ ತಲೆಗೆ ಕಟ್ಟುವುದು ನಿಲ್ಲಲಿ.

ಹಿರಿಯ ಸಂಗಾತಿಗಳು ಬೈಯುತ್ತಾರೆ, ಗೊತ್ತು. ಒಬ್ಬರು ಬೈದೂ ಆಯಿತು. “ಭೂಮಿ ಕೇಳಬೇಕಾದವರು ಬಾಡಿಗೆಗೆ ನೆರವು ಕೇಳ್ತೀರೇನ್ರಯ್ಯ? ಉಳುವವನೇ ಒಡೆಯ ಅಂದದ್ದನ್ನು ನೀವೇ ಉಳುವವನು ಬಾಡಿಗೆಯವನು ಅಂತ ಒಪ್ಪಿಕೊಂಡ್ರಾ?” ಅಂದರು. ಆ ಮಾತು ಎದೆಗೆ ನಾಟಿತು. ಉತ್ತರ ಹುಡುಕಲು ಬಹಳ ದಿನ ಬೇಕಾಯಿತು. ಭೂಮಿಯನ್ನು ಕೇಳುವುದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಆ ಹೋರಾಟ ಗೆಲ್ಲುವ ತನಕ ಯುಗಾದಿ ಕಾಯುವುದಿಲ್ಲ. ವರ್ಷ ವರ್ಷ ಬರುತ್ತದೆ. ಅವ್ವ ವರ್ಷ ವರ್ಷ ಒಲೆ ಮುಂದೆ ಕೂತು ಎಣಿಸುತ್ತಾಳೆ. ಮತ್ತೂ ಒಂದು ಮಾತು. 1974ರಲ್ಲಿ ತಾತ ಸೋತದ್ದು ಕಾಯ್ದೆ ಇಲ್ಲದೆ ಅಲ್ಲ, ಕಾಗದದಲ್ಲಿ ಹೆಸರಿಲ್ಲದೆ. ನಾಳೆ ಇನ್ನೊಬ್ಬ ಅರಸು ಬಂದು ಭೂಮಿ ಹಂಚಿದರೂ ಹನ್ನೆರಡನೇ ಕಾಲಂನಲ್ಲಿ ನಾವು ಇಲ್ಲದಿದ್ದರೆ ಮತ್ತೆ ಪಟಕ್ಕೆ ಹೂ ಇಡುವುದೇ ಆಗುತ್ತದೆ.

ಹಾಗಾಗಿ ಸರ್ಕಾರ ಬರೆಯುವ ತನಕ ನಾವೇ ಬರೆಯುವುದು ಅಂತ ಹೊರಟೆವು. ಒಂದು ರಾತ್ರಿ ಕೇರಿಯ ಅಂಬೇಡ್ಕರ್ ಭವನದ ಮೆಟ್ಟಿಲ ಮೇಲೆ, ಬೀದಿ ದೀಪದ ಕೆಳಗೆ, ಸ್ಕೂಲು ಹುಡುಗರ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆವು. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಕೊಟ್ಟ ಗುತ್ತಿಗೆ, ಉಳುವವರ ಹೆಸರು. ಮೊದಲು ಜನ ಹಿಂಜರಿದರು. “ಯಾರ್ಗೂ ತೋರ್ಸಕಿಲ್ಲ ತಾನೆ?” ಅಂದರು. ಆಮೇಲೆ ಒಬ್ಬೊಬ್ಬರೇ ಬಂದು ಹೇಳಿದರು. ಹದಿನೇಳು ಮನೆಯ ಹೆಸರು ಬಂದವು. ಅಜ್ಜಿಯೂ ಬಂದು ತನ್ನ ಹೊಲ ಮಾಡುವವನ ಹೆಸರನ್ನು ತಾನೇ ಹೇಳಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಒಡೆಯ ಸಹಿ ಹಾಕಿದ ಮೊದಲ ಗುತ್ತಿಗೆಯನ್ನು ನಾವು ಕಂಡದ್ದು ಆ ರಾತ್ರಿ.

ಮನೆಗೆ ತಂದು ಅವ್ವನಿಗೆ ಓದಿ ಹೇಳಿದೆವು. ಹದಿನೇಳನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: “ಎಲ್ಲಾ ಗಂಡಸ್ರ ಎಸ್ರೇ ಬರ್ಕಂಡ್ ಬಂದಿದ್ದೀಯಲ್ಲ ಮಗ. ನಾಟಿ ಆಕ್ದೋರ್ಯಾರು? ಕಳೆ ಕಿತ್ತೋರ್ಯಾರು? ಗುತ್ಗೆಗೆ ದುಡ್ ಕೂಡಾಕ್ದೋರ್ಯಾರು?”

ಪಹಣಿಯ ಮುಂದೆ ಅಪ್ಪ ನಿಂತಿದ್ದ ಹಾಗೆ ನಾವು ಅವ್ವನ ಮುಂದೆ ನಿಂತೆವು. ಊರು ನಮಗೆ ಮಾಡಿದ್ದನ್ನು ನಾವು ನಮ್ಮ ನೋಟ್‌ಬುಕ್ಕಿನಲ್ಲಿ ಅವಳಿಗೆ ಮಾಡಿದ್ದೆವು. ಮಾರನೇ ದಿನ ಹದಿನೇಳು ಮನೆಗೂ ಮತ್ತೆ ಹೋದೆವು. ಈಗ ಆ ಕಾಲಂನಲ್ಲಿ ಎರಡೆರಡು ಹೆಸರಿವೆ. ಕೆಲವು ಸಾಲಿನಲ್ಲಿ ಹೆಣ್ಣಿನ ಹೆಸರೊಂದೇ ಇದೆ.

ಊರೂರಿನ ಮೇಷ್ಟರುಗಳೇ, ರಜೆಗೆ ಊರಿಗೆ ಹೋಗುವ ಗೆಳೆಯ ಗೆಳತಿಯರೇ, ನಿಮ್ಮ ಕೇರಿಯಲ್ಲೂ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆಯಿರಿ. ಹುಣಸೂರಿನದು, ಪಿರಿಯಾಪಟ್ಟಣದ್ದು, ಕೃಷ್ಣರಾಜನಗರದ್ದು, ಕೋಟೆಯದು ಒಂದರ ಮೇಲೊಂದು ಇಟ್ಟರೆ ಅದು ಎಷ್ಟೆತ್ತರ ಆಗುತ್ತದೋ ನೋಡೋಣ. ನಮ್ಮದನ್ನು ಬರುವ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಅಪ್ಪನಿಗೆ ಇನ್ನೂ ಭಯ ಹೋಗಿಲ್ಲ. “ಯಜಮಾನ್ರಿಗೆ ಗೊತ್ತಾದ್ರೆ ಒಲ ಕಿತ್ಕತ್ತಾರೆ ಕನ” ಅನ್ನುತ್ತಾನೆ. ಕಿತ್ತುಕೊಳ್ಳಲೂಬಹುದು. ಆ ಭಯವನ್ನು ಬಲ್ಲೆವು. ಆದರೂ ಮೊನ್ನೆ ರಾತ್ರಿ ಅವನು ನೋಟ್‌ಬುಕ್ಕು ಇಸಿದುಕೊಂಡು, ಓದಲು ಬಾರದಿದ್ದರೂ, “ಇದ್ರಲ್ಲಿ ನಮ್ದು ಯಾವ್ದು, ತೋರ್ಸು” ಅಂದ. ಬೆರಳಿಟ್ಟು ತೋರಿಸಿದೆವು. ತುಂಬ ಹೊತ್ತು ನೋಡಿದ.